ಅಳು ನಿಂತ ಶಿಶು

"ಅಳುವ ಮಗುವಿಗೆ ಹಾಲು" ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಬೇಡಿದವನಿಗೆ ದೊರೆಯುವುದು, ಸುಮ್ಮನಿದ್ದವನಿಗೆ ದೊರೆಯದು ಎಂಬ ಲೋಕಾನುಭವವನ್ನು ಹಿರಿಯರು ಆ ಮೂರು ಮಾತುಗಳಲ್ಲಿ ಅಡಕಮಾಡಿ ಇಟ್ಟಿರುವರು. ಆದರೆ ಆ ಗಾದೆಯೊಳಗೆ ಹುದುಗಿರುವ ಇನ್ನೊಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಅತ್ತು ಅತ್ತು, ಎತ್ತಿಕೊಳ್ಳುವವರು ಯಾರೂ ಬಾರದೆ, ಕೊನೆಗೆ ಅಳುವುದನ್ನೇ ಬಿಟ್ಟ ಶಿಶುವಿನ ಗತಿಯೇನು? ಅದರ ಮೌನವನ್ನು ಕಂಡು ಸುತ್ತಲಿದ್ದವರು "ಸದ್ಯ, ಸಮಾಧಾನವಾಯಿತು" ಎಂದು ತಮ್ಮ ತಮ್ಮ ಕೆಲಸಕ್ಕೆ ಹೋಗುವರು. ಅದು ನಿಜವಾಗಿಯೂ ಸಮಾಧಾನವೇ ಎಂಬುದನ್ನು ಪರೀಕ್ಷಿಸಿ ನೋಡುವ ಕಾರ್ಯವನ್ನು ಮನಶ್ಶಾಸ್ತ್ರಜ್ಞರು ಎಂಟು ದಶಕಗಳಿಂದ ನಡೆಸಿಕೊಂಡು ಬಂದಿರುವರು. ಆ ವೃತ್ತಾಂತವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ. ಆಸ್ಪತ್ರೆ, ಅನಾಥಾಲಯ, ಶಿಶುಪಾಲನಾ ಕೇಂದ್ರ ಮುಂತಾದ ಸಂಸ್ಥೆಗಳನ್ನು ನಡೆಸುವ ಮತ್ತು ತನಿಖೆಮಾಡುವ ಅಧಿಕಾರಿಗಳು ಇದನ್ನು ವಿಶೇಷವಾಗಿ ಮನನಮಾಡಬೇಕೆಂಬುದು ನಮ್ಮ ಪ್ರಾರ್ಥನೆ.

ಶಿಶುವಿಗೂ ಅದನ್ನು ಸಾಕುವವರಿಗೂ ಇರುವ ಅನುಬಂಧವು ಹಾಲಿನ ಋಣವಲ್ಲದೆ ಮತ್ತೇನೂ ಅಲ್ಲವೆಂದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಯೂರೋಪು ಮತ್ತು ಅಮೆರಿಕದ ಬಹುಮಂದಿ ಪಂಡಿತರು ಭಾವಿಸಿದ್ದರು. ಹಸಿವನ್ನು ತಣಿಸುವವರ ಮೇಲೆ ಮಗುವಿಗೆ ಪ್ರೀತಿಯುಂಟಾಗುವುದು. ಹಾಲನ್ನು ಬೇರೆಯವರು ಕೊಟ್ಟರೆ ಪ್ರೀತಿಯೂ ಅತ್ತ ಹೋಗುವುದು. ಇಷ್ಟೇ ಅವರ ಲೆಕ್ಕ. ಅಮೆರಿಕದ ಪ್ರಖ್ಯಾತ ಮನಶ್ಶಾಸ್ತ್ರಜ್ಞನಾದ ಜಾನ್ ವಾಟ್ಸನ್ ಎಂಬವನು 1928ರಲ್ಲಿ ತಾಯಂದಿರಿಗಾಗಿ ಬರೆದ ಗ್ರಂಥದಲ್ಲಿ ಮಕ್ಕಳನ್ನು ಅಪ್ಪಿ ಮುದ್ದಿಡುವುದು ಅವರಿಗೆ ಹಾನಿಕರವೆಂದೂ, ಬೆಳಿಗ್ಗೆ ಕೈಕುಲುಕಿದರೆ ಸಾಕೆಂದೂ ಉಪದೇಶಮಾಡಿದನು. ಇದನ್ನು ಕೇಳಿ ನಮ್ಮ ಮನೆಯ ಅಜ್ಜಿಯರು ನಕ್ಕಾರು. ಆದರೆ ಆ ಕಾಲದಲ್ಲಿ ಇದು ಶಾಸ್ತ್ರವೆನಿಸಿದ್ದಿತು. ಸಂಸ್ಥೆಗಳ ನಿಯಮಗಳೂ ಇದಕ್ಕೆ ಅನುಗುಣವಾಗಿಯೇ ಇದ್ದವು. ಲಂಡನ್ ನಗರದ ಆಸ್ಪತ್ರೆಗಳಲ್ಲಿ ಮಲಗಿದ್ದ ಚಿಕ್ಕ ಮಕ್ಕಳನ್ನು ನೋಡಲು ತಾಯಿತಂದೆಗಳಿಗೆ ಕೆಲವೆಡೆ ವಾರಕ್ಕೊಮ್ಮೆ ಗಂಟೆಯೆರಡು ಗಂಟೆಯ ಅವಕಾಶವಿದ್ದಿತು. ಕೆಲವೆಡೆ ಅದೂ ಇರಲಿಲ್ಲ. ಇನ್ನು ಕೆಲವೆಡೆ ಮಗು ನಿದ್ರಿಸುತ್ತಿರುವಾಗ ದೂರದಿಂದ ನೋಡಿಕೊಂಡು ಹೋಗಬೇಕಾಗಿದ್ದಿತು. ತಾಯಿ ಬಂದರೆ ಮಗು ಅಳುವುದು, ಬಾರದಿದ್ದರೆ ಎರಡು ಮೂರು ದಿನಗಳಲ್ಲಿ ತಾನೇ ಸುಮ್ಮನಾಗುವುದು; ಆದ್ದರಿಂದ ಬಾರದಿರುವುದೇ ಕ್ಷೇಮ ಎಂಬುದು ವೈದ್ಯರ ಮತ್ತು ದಾದಿಯರ ತರ್ಕವಾಗಿದ್ದಿತು.

ಈ ತರ್ಕಕ್ಕೆ ಮೊದಲ ಪೆಟ್ಟುಗಳನ್ನು ಕೊಟ್ಟವರಲ್ಲಿ ರೆನೆ ಸ್ಪಿಟ್ಜ್ ಎಂಬ ವೈದ್ಯನೊಬ್ಬನು. ಆತನು 1945ರಲ್ಲಿಯೂ 1946ರಲ್ಲಿಯೂ ಎರಡು ಸಂಸ್ಥೆಗಳನ್ನು ಹೋಲಿಸಿ ಬರೆದನು. ಒಂದು ಸೆರೆಮನೆಗೆ ಸೇರಿದ ಶಿಶುಶಾಲೆ. ಅಲ್ಲಿ ಅಪರಾಧಿಗಳೆನಿಸಿದ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು ಅನಾಥಶಿಶುಗಳ ಆಶ್ರಮ. ಅಲ್ಲಿ ಆಹಾರಕ್ಕೆ ಕೊರತೆಯಿಲ್ಲ, ಶುಚಿತ್ವಕ್ಕೆ ಕೊರತೆಯಿಲ್ಲ, ವೈದ್ಯರ ಭೇಟಿಗೂ ಕೊರತೆಯಿಲ್ಲ. ಆದರೆ ಎಂಟು ಕೂಸುಗಳಿಗೆ ಒಬ್ಬಳಂತೆ ದಾದಿಯರು. ಸೆರೆಮನೆಯ ಶಿಶುಗಳು ಬೆಳೆದವು. ಆತನು ನೋಡಿದ ಕಾಲದಲ್ಲಿ ಅವುಗಳಲ್ಲಿ ಒಂದೂ ಸಾಯಲಿಲ್ಲ. ಆಶ್ರಮದ 91 ಶಿಶುಗಳಲ್ಲಿ ಎರಡು ವರ್ಷಗಳೊಳಗೆ 34 ತೀರಿಹೋದವು. ಸ್ಪಿಟ್ಜನ ಲೆಕ್ಕದಲ್ಲಿ ಮುಂದಿನ ವಿದ್ವಾಂಸರು ಹಲವು ದೋಷಗಳನ್ನು ಎತ್ತಿತೋರಿಸಿದರೆಂಬುದು ನಿಜ. ಸಾಂಕ್ರಾಮಿಕ ರೋಗವೂ ಅಲ್ಲಿ ಹೊಕ್ಕಿದ್ದಿತು. ಆದಾಗ್ಯೂ ಆತನು ಬಣ್ಣಿಸಿದ ದೃಶ್ಯವನ್ನು ಯಾರೂ ಅಲ್ಲಗಳೆಯಲಾಗಲಿಲ್ಲ. ಮೊದಮೊದಲು ಅಳುತ್ತಿದ್ದ ಕೂಸುಗಳು ಕ್ರಮೇಣ ಅಳುವುದನ್ನು ಬಿಟ್ಟು, ಗೋಡೆಯ ಕಡೆಗೆ ಮುಖಮಾಡಿ, ಯಾರು ಬಂದರೂ ತಿರುಗಿ ನೋಡದೆ ಮಲಗಿರುತ್ತಿದ್ದವು.

ಹಾಲಿನ ಋಣದ ವಾದವನ್ನು 1958ರಲ್ಲಿ ಹ್ಯಾರಿ ಹಾರ್ಲೋ ಎಂಬವನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೋತಿಮರಿಗಳ ಮೂಲಕ ಪರೀಕ್ಷೆಗೊಡ್ಡಿದನು. ತಾಯಿಯಿಂದ ಅಗಲಿಸಿದ ಮರಿಗಳಿಗೆ ಎರಡು ಬೊಂಬೆತಾಯಿಗಳನ್ನು ಇಟ್ಟರು; ಒಂದು ತಂತಿಯದು, ಮತ್ತೊಂದಕ್ಕೆ ಮೆತ್ತನೆಯ ಬಟ್ಟೆ ಹೊದಿಸಿದ್ದಿತು. ಹಾಲಿನ ಸೀಸೆ ತಂತಿಯ ಬೊಂಬೆಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿದು ಹಿಂದಿರುಗಿ, ಹಗಲಿನ ಹೆಚ್ಚುಭಾಗವನ್ನು ಬಟ್ಟೆಯ ಬೊಂಬೆಯನ್ನು ಅಪ್ಪಿಕೊಂಡೇ ಕಳೆದವು. ಭಯವಾದಾಗ ಓಡಿದ್ದೂ ಅದರ ಬಳಿಗೇ. ಹೀಗೆ ಬೆಳೆದ ಮರಿಗಳು ದೊಡ್ಡವಾದ ಮೇಲೆ ತಮ್ಮ ಜಾತಿಯವರೊಡನೆ ಬಾಳಲಾರದೆ ಹೋದವು. ಪರೀಕ್ಷೆಯು ಕ್ರೂರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಸಾಕಿದಂತಾಗಲಿಲ್ಲವೆಂಬುದು ಅದರಿಂದ ಸಿದ್ಧವಾಯಿತು.

ಇಷ್ಟರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯನು ಈ ವಿಷಯವನ್ನು ಕೈಗೆತ್ತಿಕೊಂಡಿದ್ದನು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ಆತನು ಸಿದ್ಧಪಡಿಸಿದ ವರದಿಯು 1951ರಲ್ಲಿ ಪ್ರಕಟವಾಯಿತು. ಶಿಶುವಿಗೆ ಅನ್ನಪಾನಗಳು ಎಷ್ಟು ಅವಶ್ಯವೋ, ತಾಯಿಯ ಅಥವಾ ತಾಯಿಯಂತೆ ಸ್ಥಿರವಾಗಿ ನಿಂತು ಸಾಕುವವರ ಮಮತೆಯೂ ಅಷ್ಟೇ ಅವಶ್ಯವೆಂಬುದು ಅದರ ಸಾರಾಂಶ. ಆದರೆ ವರದಿಯು ಮಾಡಲಾರದ ಕೆಲಸವನ್ನು ಆತನ ಸಹೋದ್ಯೋಗಿಯ ಒಂದು ಚಿತ್ರವು ಮಾಡಿತು. ಜೇಮ್ಸ್ ರಾಬರ್ಟ್‌ಸನ್ ಸ್ಕಾಟ್ಲೆಂಡಿನ ಶ್ರಮಜೀವಿ ಕುಟುಂಬದಲ್ಲಿ ಹುಟ್ಟಿದವನು. ಯುದ್ಧಕಾಲದಲ್ಲಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಶಾಲೆಯಲ್ಲಿ ಬಾಯ್ಲರಿಗೆ ಇದ್ದಲು ಹಾಕುವುದೇ ಮೊದಲಾದ ಕೆಲಸಗಳನ್ನು ಮಾಡುತ್ತಿದ್ದವನು. ಅಲ್ಲಿ ಕೆಲಸದವರೆಲ್ಲರೂ ಮಕ್ಕಳ ನಡವಳಿಕೆಯನ್ನು ಕಂಡಂತೆ ಚೀಟಿಗಳಲ್ಲಿ ಬರೆದಿಡಬೇಕೆಂಬ ಕಟ್ಟಳೆಯಿದ್ದಿತು. ನೋಡುವುದನ್ನು ಆತನು ಕಲಿತದ್ದು ಅಲ್ಲಿ.

1948ರಿಂದ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡುತ್ತ ಕುಳಿತ ರಾಬರ್ಟ್‌ಸನ್ನನು ಮೂರು ಅವಸ್ಥೆಗಳನ್ನು ಗುರುತಿಸಿದನು. ಮೊದಲನೆಯದು ಪ್ರತಿಭಟನೆ, ಮಗು ಅತ್ತು ಕೂಗಿ ತಾಯಿಯನ್ನು ಕರೆಯುವುದು. ಎರಡನೆಯದು ನಿರಾಶೆ, ಅಳು ಕಡಮೆಯಾಗಿ ಮಗು ಮಂಕಾಗುವುದು. ಮೂರನೆಯದು ವಿರಕ್ತಿ; ಮಗು ಮತ್ತೆ ಆಟಪಾಟಗಳಲ್ಲಿ ತೊಡಗಿ ಎಲ್ಲರೊಡನೆ ನಗುವುದು, ಆದರೆ ತಾಯಿ ಬಂದರೆ ಅವಳನ್ನು ಅಪರಿಚಿತಳಂತೆ ಕಾಣುವುದು. ಯಾವ ಎರಡನೆಯ ಮತ್ತು ಮೂರನೆಯ ಅವಸ್ಥೆಗಳನ್ನು ಕಂಡು "ಮಗು ಹೊಂದಿಕೊಂಡಿತು" ಎಂದು ಆಸ್ಪತ್ರೆಯವರು ಸಂತೋಷಪಡುತ್ತಿದ್ದರೋ, ಅವೇ ಹೆಚ್ಚು ಅಪಾಯಕರವೆಂದು ಆತನು ಹೇಳಿದನು. ಯಾರೂ ನಂಬಲಿಲ್ಲ.

ಆಗ ಆತನು ಕೈಯಲ್ಲಿ ಹಿಡಿಯುವ ಒಂದು ಚಿಕ್ಕ ಕ್ಯಾಮರಾವನ್ನು ತೆಗೆದುಕೊಂಡು ಎರಡು ವರ್ಷ ಐದು ತಿಂಗಳ ಒಬ್ಬ ಹುಡುಗಿಯು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದುದನ್ನು ಚಿತ್ರೀಕರಿಸಿದನು. ಬೇಕೆಂದೇ ದುಃಖದ ಕ್ಷಣಗಳನ್ನು ಆರಿಸಿದನೆಂಬ ಆಕ್ಷೇಪ ಬಾರದಂತೆ, ಮಗುವನ್ನು ಆಸ್ಪತ್ರೆಯ ಪಟ್ಟಿಯಿಂದ ಆರಿಸುವುದನ್ನು ದೈವಾಯತ್ತಕ್ಕೆ ಬಿಟ್ಟನು. ಪ್ರತಿದಿನವೂ ಮೊದಲೇ ಗೊತ್ತುಮಾಡಿದ ವೇಳೆಯಲ್ಲಿ ಚಿತ್ರ ತೆಗೆದನು. ಗೋಡೆಯ ಗಡಿಯಾರವೂ ಚಿತ್ರದಲ್ಲಿ ಕಾಣುವಂತೆ ನೋಡಿಕೊಂಡನು. ಆಕಸ್ಮಿಕವಾಗಿ ಆ ಹುಡುಗಿಯು ವಯಸ್ಸಿಗೆ ಮೀರಿ ತನ್ನನ್ನು ತಾನು ಬಿಗಿಹಿಡಿದುಕೊಳ್ಳಬಲ್ಲವಳಾಗಿದ್ದಳು. ಅವಳು ಗಟ್ಟಿಯಾಗಿ ಅತ್ತದ್ದು ಕಡಮೆ. ಆದರೆ ತುಟಿ ನಡುಗುವುದು, ಬೊಂಬೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುವುದು, ತಾಯಿ ಬಂದಾಗ ಮುಖ ತಿರುಗಿಸುವುದು ಇವೆಲ್ಲವೂ ಪರದೆಯ ಮೇಲೆ ಕಂಡವು. ಎಂಟನೆಯ ದಿನ ಮನೆಗೆ ಹೊರಟಾಗ ತನ್ನ ಸಾಮಾನುಗಳನ್ನೆಲ್ಲ ಕೇಳಿ ತೆಗೆದುಕೊಂಡವಳು, ತಾಯಿ ನೀಡಿದ ಕೈಯನ್ನು ಮಾತ್ರ ಹಿಡಿಯಲಿಲ್ಲ.

1952ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಸಭೆಯಲ್ಲಿ ಈ ಚಿತ್ರವನ್ನು ತೋರಿಸಿದಾಗ ವೈದ್ಯರೂ ದಾದಿಯರೂ ಸಿಟ್ಟಾದರು. ಈ ಮಗು ಸಾಮಾನ್ಯ ಮಗುವಲ್ಲ, ನಮ್ಮ ವಾರ್ಡಿನ ಮಕ್ಕಳು ಹೀಗಿಲ್ಲ ಎಂದು ವಾದಿಸಿದರು. ಆದರೆ ವಾರ್ಡಿಗೆ ಹಿಂದಿರುಗಿದ ಮೇಲೆ, ಒಮ್ಮೆ ಕಂಡುದನ್ನು ಕಾಣದಿರುವುದು ಅವರಲ್ಲಿ ಕೆಲವರಿಗೆ ಸಾಧ್ಯವಾಗಲಿಲ್ಲ. 1959ರಲ್ಲಿ ಬ್ರಿಟಿಷ್ ಸರ್ಕಾರದವರು ನೇಮಿಸಿದ ಪ್ಲಾಟ್ ಸಮಿತಿಯು ಆಸ್ಪತ್ರೆಗಳಲ್ಲಿ ಮಕ್ಕಳ ಭೇಟಿಗೆ ವೇಳೆಯ ನಿರ್ಬಂಧವಿರಕೂಡದೆಂದೂ, ಚಿಕ್ಕ ಮಕ್ಕಳ ತಾಯಂದಿರಿಗೆ ಜೊತೆಯಲ್ಲಿರಲು ಅವಕಾಶವಿರಬೇಕೆಂದೂ ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿ ಮಲಗುವುದು ಎಲ್ಲ ದೇಶಗಳ ಪದ್ಧತಿಯಷ್ಟೆ. 1961ರಲ್ಲಿ ರಾಬರ್ಟ್‌ಸನ್ನನ ಚಿತ್ರದ ಭಾಗಗಳನ್ನು ಟೆಲಿವಿಷನ್ನಿನಲ್ಲಿ ಕಂಡ ಲಂಡನ್ನಿನ ಕೆಲವು ತಾಯಂದಿರು ಸಂಘಕಟ್ಟಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ವಿಚಾರಿಸಲಾರಂಭಿಸಿದರು. ಆಸ್ಪತ್ರೆಗಳ ಬಾಗಿಲು ಕ್ರಮೇಣ ತೆರೆದದ್ದು ಹೀಗೆ.

ಒಂದು ಮಗುವಿನಲ್ಲಿ ಕಂಡುದನ್ನು ಶಾಸ್ತ್ರವಾಗಿ ಮಾಡಬೇಕಾದರೆ ಅಳತೆಗೋಲು ಬೇಕು. ಅದನ್ನು ಒದಗಿಸಿದವಳು ಮೇರಿ ಐನ್ಸ್‌ವರ್ತ್. ಬೌಲ್ಬಿಯ ಬಳಿ ಕೆಲಸಮಾಡಿದ್ದ ಆಕೆಯು 1954 ಮತ್ತು 1955ರಲ್ಲಿ ಆಫ್ರಿಕದ ಉಗಾಂಡಾದಲ್ಲಿ ಕಂಪಾಲದ ಸುತ್ತಲಿನ ಹಳ್ಳಿಗಳ 26 ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕೂಸುಗಳನ್ನು ನೋಡಿದಳು. ಮುಂದೆ 1963ರಿಂದ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮತ್ತೆ 26 ಮನೆಗಳನ್ನು ಆರಿಸಿ, ಕೂಸಿಗೆ ವರ್ಷ ತುಂಬುವವರೆಗೆ ಮೂರು ವಾರಕ್ಕೊಮ್ಮೆ ಸುಮಾರು ನಾಲ್ಕು ಗಂಟೆಗಳ ಕಾಲ ಒಂದೊಂದು ಮನೆಯಲ್ಲಿಯೂ ಕುಳಿತು ಬರೆದುಕೊಳ್ಳುವ ವ್ಯವಸ್ಥೆಮಾಡಿದಳು. ಅಳುವ ಕೂಸನ್ನು ತಾಯಿ ಎಷ್ಟು ಬೇಗ ಎತ್ತಿಕೊಂಡಳು, ಅದರ ಸನ್ನೆಯನ್ನು ಸರಿಯಾಗಿ ಅರಿತಳೋ ಇಲ್ಲವೋ ಎಂಬುದೆಲ್ಲವೂ ದಾಖಲಾಯಿತು.

ವರ್ಷದ ಕೊನೆಗೆ ಆಕೆಯು ರೂಪಿಸಿದ ಪರೀಕ್ಷೆಗೆ "ಅಪರಿಚಿತ ಸನ್ನಿವೇಶ" ಎಂದು ಹೆಸರು. ಆಟಿಕೆಗಳಿರುವ ಹೊಸ ಕೋಣೆಯೊಂದಕ್ಕೆ ತಾಯಿಯು ಮಗುವಿನೊಡನೆ ಬರುವಳು, ಅಪರಿಚಿತಳೊಬ್ಬಳು ಒಳಬರುವಳು, ತಾಯಿ ಹೊರಗೆ ಹೋಗುವಳು, ಹಿಂದಿರುಗುವಳು, ಮತ್ತೊಮ್ಮೆ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಿ ಬರುವಳು. ಎಂಟು ಅಂಕಗಳು, ಒಂದೊಂದಕ್ಕೆ ಹೆಚ್ಚೆಂದರೆ ಮೂರು ನಿಮಿಷ, ಮಗು ಬಹಳ ನೊಂದರೆ ಇನ್ನೂ ಬೇಗ ಮುಗಿಸುವರು. ತಾಯಿ ಹೋದಾಗ ಮಗು ಅತ್ತಿತೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಹಿಂದಿರುಗಿ ಬಂದಾಗ ಏನು ಮಾಡಿತೆಂಬುದೇ ಮುಖ್ಯ. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ತಾಯಿಯ ಬಳಿಗೆ ಹೋಗಿ, ಸಂತೈಸಿಕೊಂಡು, ಮತ್ತೆ ಆಟಕ್ಕೆ ತೆರಳಿದವು. ಕೆಲವು ಎತ್ತಿಕೊಂಡರೂ ಸಮಾಧಾನಗೊಳ್ಳದೆ ಒದೆಯುತ್ತ ಅಂಟಿಕೊಂಡವು. ಇನ್ನು ಕೆಲವು, ಸುಮಾರು ಐದರಲ್ಲಿ ಒಂದು ಪಾಲು, ತಾಯಿ ಹೋದಾಗ ಅಳಲಿಲ್ಲ, ಬಂದಾಗ ತಿರುಗಿ ನೋಡಲಿಲ್ಲ, ಆಟಿಕೆಗಳಲ್ಲಿಯೇ ಮಗ್ನವಾಗಿದ್ದವು.

ಈ ಮೂರನೆಯ ಗುಂಪಿನ ಮಕ್ಕಳನ್ನು ಕಂಡ ಯಾರಾದರೂ "ಎಷ್ಟು ಧೈರ್ಯದ ಮಗು, ಎಷ್ಟು ಒಳ್ಳೆಯ ಮಗು" ಎನ್ನುವರು. ಆದರೆ ಮನೆಯಲ್ಲಿ ವರ್ಷವಿಡೀ ಬರೆದಿಟ್ಟ ದಾಖಲೆಗಳೊಡನೆ ಹೋಲಿಸಿದಾಗ, ಆಶ್ರಯ ಬೇಡಿ ಬಂದಾಗ ದೂರತಳ್ಳಿಸಿಕೊಂಡ ಮಕ್ಕಳೇ ಇವುಗಳಲ್ಲಿ ಹೆಚ್ಚಾಗಿದ್ದವು. 1977ರಲ್ಲಿ ಸ್ರೂಫ್ ಮತ್ತು ವಾಟರ್ಸ್ ಎಂಬವರು ಇಂತಹ ಮಕ್ಕಳ ಹೃದಯದ ಬಡಿತವನ್ನು ಅಳೆದಾಗ, ಮುಖದಲ್ಲಿ ಶಾಂತಿಯಿದ್ದರೂ ಎದೆಯ ಬಡಿತ ಏರಿದ್ದುದು ಕಂಡುಬಂದಿತು. 1993ರಲ್ಲಿ ಜರ್ಮನಿಯ ಸ್ಪ್ಯಾಂಗ್ಲರ್ ಮತ್ತು ಗ್ರಾಸ್‌ಮನ್ ಎಂಬವರು ಮಕ್ಕಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ರಸವನ್ನು ಪರೀಕ್ಷಿಸಿ ಅದೇ ದಿಕ್ಕಿನ ಸಾಕ್ಷ್ಯವನ್ನು ಒದಗಿಸಿದರು. ಮಗು ಸುಮ್ಮನಿದ್ದಿತೇ ಹೊರತು ನಿಶ್ಚಿಂತವಾಗಿರಲಿಲ್ಲ. ಅತ್ತರೆ ಫಲವಿಲ್ಲವೆಂಬ ಪಾಠವನ್ನು ಅದು ಒಂದು ವರ್ಷದೊಳಗೆ ಕಲಿತಿದ್ದಿತು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಒಂದು ದೇಶದಲ್ಲಿ ಮಾಡಿದ ಅಳತೆಗೋಲನ್ನು ಕಣ್ಣುಮುಚ್ಚಿ ಮತ್ತೊಂದು ದೇಶಕ್ಕೆ ಹಚ್ಚಬಾರದು. 1986ರಲ್ಲಿ ಪ್ರಕಟವಾದ ತಕಹಾಶಿ ಎಂಬ ವಿದುಷಿಯ ಅಧ್ಯಯನದಲ್ಲಿ, ಜಪಾನಿನ ಸಪ್ಪೊರೊ ನಗರದ ಮಕ್ಕಳ ಪೈಕಿ ಸುಮಾರು ಮೂರರಲ್ಲೊಂದು ಪಾಲು ಸಮಾಧಾನಗೊಳ್ಳದ ಗುಂಪಿಗೆ ಸೇರಿದವು. ಅಲ್ಲಿನ ಕೂಸುಗಳನ್ನು ತಾಯಿಯು ಒಂಟಿಯಾಗಿ ಬಿಡುವುದೇ ಅಪರೂಪವಾದುದರಿಂದ ಮೂರು ನಿಮಿಷಗಳ ಏಕಾಂತವೂ ಅವುಗಳಿಗೆ ಘೋರವಾಗಿ ತೋರಿತು. ಉತ್ತರ ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಇದಕ್ಕೆ ವಿರುದ್ಧವಾಗಿ, ಸುಮಾರು ಅರ್ಧದಷ್ಟು ಮಕ್ಕಳು ತಿರುಗಿ ನೋಡದ ಗುಂಪಿನಲ್ಲಿದ್ದವು. ಮಕ್ಕಳು ಬೇಗ ಸ್ವಾವಲಂಬಿಗಳಾಗಬೇಕೆಂಬುದು ಅಲ್ಲಿನ ಜನರ ರೂಢಿ. 1988ರಲ್ಲಿ ವ್ಯಾನ್ ಐಜೆಂಡೋರ್ನ್ ಮತ್ತು ಕ್ರೂನೆನ್‌ಬರ್ಗ್ ಎಂಬವರು ಎಂಟು ದೇಶಗಳ 32 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಟ್ಟಿನಲ್ಲಿ ಎಲ್ಲ ದೇಶಗಳಲ್ಲಿಯೂ ನಿಶ್ಚಿಂತವಾದ ಅನುಬಂಧವೇ ಹೆಚ್ಚಾಗಿತ್ತೆಂದೂ, ದೇಶದೇಶಗಳ ನಡುವಣ ಭೇದಕ್ಕಿಂತ ಒಂದೇ ದೇಶದೊಳಗಿನ ಭೇದವು ದೊಡ್ಡದೆಂದೂ ತಿಳಿದುಬಂದಿತು. ಕೂಸಿಗೆ ತಾಯಿಯೊಬ್ಬಳೇ ಆಸರೆಯೆಂಬುದೂ ಸರಿಯಲ್ಲ. ಉಗಾಂಡಾದ ಕೂಸುಗಳು ತಂದೆ, ಅಜ್ಜಿ, ಒಡಹುಟ್ಟಿದವರಿಗೂ ಅಂಟಿಕೊಂಡಿದ್ದುದನ್ನು ಐನ್ಸ್‌ವರ್ತಳೇ ಕಂಡಿದ್ದಳು. ಅಜ್ಜಿಯ ಮಡಿಲಲ್ಲಿ ಬೆಳೆದ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇದರಿಂದ ಇನ್ನೊಂದು ಮಾತು ಸ್ಪಷ್ಟವಾಗುವುದು. ಯುದ್ಧಾನಂತರದ ವರ್ಷಗಳಲ್ಲಿ ಬೌಲ್ಬಿಯ ಹೆಸರನ್ನು ಮುಂದೊಡ್ಡಿ, ತಾಯಿ ಕ್ಷಣವೂ ಅಗಲಕೂಡದು, ಆದುದರಿಂದ ಸ್ತ್ರೀಯರು ಉದ್ಯೋಗ ಬಿಟ್ಟು ಮನೆಗೆ ಹಿಂದಿರುಗಬೇಕು ಎಂದು ವಾದಿಸಿದವರುಂಟು. ಶಾಸ್ತ್ರವು ಅಷ್ಟು ದೂರ ಹೋಗುವುದಿಲ್ಲ. 1972ರಲ್ಲಿ ಮೈಕೇಲ್ ರಟರ್ ಎಂಬ ಮನೋವೈದ್ಯನು, ಸ್ವಲ್ಪಕಾಲದ ಅಗಲಿಕೆಯನ್ನೂ, ಅನುಬಂಧವೇ ಕೂಡದೆ ಹೋಗುವುದನ್ನೂ, ಮನೆಯ ಕಲಹವನ್ನೂ ಒಂದೇ ಹೆಸರಿನಿಂದ ಕರೆಯುವುದು ತಪ್ಪೆಂದು ತೋರಿಸಿಕೊಟ್ಟನು. ಮಗು ಕೇಳುವುದು ತನ್ನನ್ನು ಬಲ್ಲ, ತನ್ನ ಅಳುವಿಗೆ ಓಗೊಡುವ, ನಾಳೆಯೂ ಬರುವ ಕೆಲವೇ ಕೈಗಳನ್ನು.

ಆ ಕೈಗಳೇ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ರುಮೇನಿಯಾ ದೇಶವು ಸಾಕ್ಷಿ. 1966ರಲ್ಲಿ ಚೌಶೆಸ್ಕು ಸರ್ಕಾರವು ಜನಸಂಖ್ಯೆಯನ್ನು ಹೆಚ್ಚಿಸಲೆಂದು ಗರ್ಭಪಾತವನ್ನು ನಿಷೇಧಿಸಿತು. ಸಾಕಲಾರದ ಕುಟುಂಬಗಳು ಮಕ್ಕಳನ್ನು ಸರ್ಕಾರಿ ಸಂಸ್ಥೆಗಳಿಗೆ ಒಪ್ಪಿಸಿದವು. 1989ರಲ್ಲಿ ಆ ಸರ್ಕಾರ ಉರುಳಿದಾಗ ಅಂತಹ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಬುಖಾರೆಸ್ಟಿನ ಶಿಶುಗೃಹಗಳನ್ನು ಹೊಕ್ಕ ಅಮೆರಿಕದ ವಿದ್ವಾಂಸರಾದ ನೆಲ್ಸನ್, ಜೀನಾ ಮತ್ತು ಫಾಕ್ಸ್ ಎಂಬವರನ್ನು ಮೊದಲು ಬೆಚ್ಚಿಬೀಳಿಸಿದ್ದು ಅಲ್ಲಿನ ನಿಶ್ಶಬ್ದತೆ. ಸಾಲುಸಾಲು ತೊಟ್ಟಿಲುಗಳಲ್ಲಿ ಕೂಸುಗಳು, ಅಳುವಿಲ್ಲ. ಅವರು 2001ರ ಸುಮಾರಿಗೆ 136 ಶಿಶುಗಳನ್ನು ಆರಿಸಿ, ಚೀಟಿಯೆತ್ತಿದಂತೆ ಎರಡು ಪಾಲುಮಾಡಿ, ಅರ್ಧದಷ್ಟು ಮಕ್ಕಳನ್ನು ತರಬೇತು ಪಡೆದ ಸಾಕುಕುಟುಂಬಗಳಿಗೆ ಒಪ್ಪಿಸಿದರು. ಮೂರೂವರೆ ವರ್ಷ ವಯಸ್ಸಾದಾಗ ನೋಡಿದರೆ, ಸಾಕುಕುಟುಂಬಗಳಿಗೆ ಹೋದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನಿಶ್ಚಿಂತವಾದ ಅನುಬಂಧವನ್ನು ಪಡೆದಿದ್ದವು; ಉಳಿದ ಪಾಲಿನಲ್ಲಿ ಐದರಲ್ಲೊಂದು ಪಾಲೂ ಪಡೆದಿರಲಿಲ್ಲ. ಎರಡು ವರ್ಷ ತುಂಬುವುದಕ್ಕೆ ಮುಂಚೆ ಮನೆ ಕಂಡ ಮಕ್ಕಳಿಗೆ ಹೆಚ್ಚು ಗುಣವಾಯಿತು. ಅಳುವುದನ್ನು ಮರೆತ ಕೂಸು ಮತ್ತೆ ಅಳಲು ಕಲಿಯಬಲ್ಲದು. ಆದರೆ ಕಾಲವು ಕಾಯುವುದಿಲ್ಲ.

ನಮ್ಮ ದೇಶದಲ್ಲಿಯೂ ಕಾನೂನು ಈ ಕಡೆಗೆ ಸ್ವಲ್ಪ ಕಣ್ಣು ತೆರೆದಿರುವುದನ್ನು ನಾವು ಒಪ್ಪಿಕೊಳ್ಳಬೇಕು. 2017ರ ತಿದ್ದುಪಡಿಯು ಹೆರಿಗೆಯ ರಜೆಯನ್ನು ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಮಂದಿಗಿಂತ ಕಡಮೆಯಿಲ್ಲದ ಕೆಲಸಗಾರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ವ್ಯವಸ್ಥೆಯನ್ನು ಕಡ್ಡಾಯಮಾಡಿತು. ಕರ್ನಾಟಕ ಸರ್ಕಾರವು 2023ರಲ್ಲಿ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ಎಂಬ ಕೇಂದ್ರಗಳನ್ನು ತೆರೆಯಲಾರಂಭಿಸಿತು. ಹೆಸರು ಸೊಗಸಾಗಿದೆ. ಆದರೆ ಮನೆಯೆಂದು ಕರೆದ ಮಾತ್ರಕ್ಕೆ ಮನೆಯಾಗದು. ಹೊಲದಲ್ಲಿ, ಇಟ್ಟಿಗೆಯ ಗೂಡಿನಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವ ತಾಯಿಗೆ 26 ವಾರಗಳ ರಜೆಯ ಮಾತು ಇನ್ನೂ ದೂರದ ಬೆಟ್ಟ. ಅವಳ ಕೂಸು ಹಗಲೆಲ್ಲ ಯಾರ ಕೈಯಲ್ಲಿರುವುದೆಂಬುದು ಅವಳೊಬ್ಬಳ ಚಿಂತೆಯಾಗಿ ಉಳಿಯಕೂಡದು.

ಇಂತಹ ಕೇಂದ್ರಗಳನ್ನೂ ಅನಾಥಾಲಯಗಳನ್ನೂ ತನಿಖೆಮಾಡುವ ಅಧಿಕಾರಿಯು ಸಾಮಾನ್ಯವಾಗಿ ನೋಡುವುದೇನು? ಹಾಸಿಗೆಗಳೆಷ್ಟು, ಹಾಲು ಎಷ್ಟು ಲೀಟರು, ನೆಲ ಒರೆಸಿದೆಯೋ, ಹಾಜರಿ ಪುಸ್ತಕ ಸರಿಯಾಗಿದೆಯೋ ಎಂಬಿಷ್ಟೆ. ಇವು ಬೇಡವೆಂದು ನಾವು ಹೇಳುವುದಿಲ್ಲ. ಸ್ಪಿಟ್ಜನು ಕಂಡ ಆಶ್ರಮದಲ್ಲಿ ಇವೆಲ್ಲವೂ ಇದ್ದವೆಂಬುದನ್ನು ಮಾತ್ರ ನೆನಪಿಗೆ ತರುತ್ತೇವೆ. ತನಿಖೆಯ ನಮೂನೆಗೆ ಇನ್ನು ಮೂರು ಪ್ರಶ್ನೆಗಳನ್ನು ಸೇರಿಸಿದರೆ ಬೊಕ್ಕಸಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲ. ಈ ಮಗುವನ್ನು ದಿನವೂ ಎತ್ತಿಕೊಳ್ಳುವವಳು ಯಾರು? ಅವಳು ಎಷ್ಟು ತಿಂಗಳಿಂದ ಇಲ್ಲಿರುವಳು? ಮಗು ಅತ್ತರೆ ಯಾರ ಕಡೆಗೆ ನೋಡುವುದು? ಇವುಗಳಿಗೆ ಉತ್ತರ ಸಮರ್ಪಕವಾಗಿರಬೇಕಾದರೆ ಆಯಾಗಳಿಗೆ ಬದುಕುವಷ್ಟು ಸಂಬಳವಿರಬೇಕು, ತಿಂಗಳಿಗೊಬ್ಬರನ್ನು ಬದಲಾಯಿಸುವ ಗುತ್ತಿಗೆಯ ಪದ್ಧತಿ ಹೋಗಬೇಕು, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ತಾಯಿಗೋ ಅಜ್ಜಿಗೋ ಮಲಗಲು ಒಂದು ಚಾಪೆಯ ಸ್ಥಳವಾದರೂ ಇರಬೇಕು. ಇದಕ್ಕೆ ವೆಚ್ಚವುಂಟು, ಮಾಡದಿದ್ದರೆ ಆಗುವ ನಷ್ಟವು ಯಾವ ಆಯವ್ಯಯದ ಪಟ್ಟಿಯಲ್ಲಿಯೂ ಕಾಣುವುದಿಲ್ಲವಾದುದರಿಂದ ನಾವು ಅದನ್ನು ನಷ್ಟವೆಂದೇ ಎಣಿಸುವುದಿಲ್ಲ.

ಶಿಶುಗೃಹವೊಂದಕ್ಕೆ ಮಹನೀಯರೊಬ್ಬರು ಭೇಟಿಕೊಟ್ಟು, "ಎಲ್ಲವೂ ಶಾಂತವಾಗಿದೆ, ಮಕ್ಕಳು ಒಬ್ಬರೂ ಅಳುತ್ತಿಲ್ಲ" ಎಂದು ಸಂದರ್ಶಕರ ಪುಸ್ತಕದಲ್ಲಿ ಪ್ರಶಂಸೆ ಬರೆಯುವುದುಂಟು. ಮುಂದೆ ಹಾಗೆ ಬರೆಯಲು ಲೇಖನಿ ಎತ್ತಿದಾಗ ಅವರು ಒಂದು ಕ್ಷಣ ತಡೆದು, ಒಂದು ತೊಟ್ಟಿಲ ಬಳಿ ನಿಂತು ನೋಡಲಿ. ಅಳುವ ಮಗುವು ಯಾರಾದರೂ ಬರುವರೆಂದು ಇನ್ನೂ ನಂಬಿರುವುದು. ಆ ನಂಬಿಕೆಯನ್ನು ಕಾಪಾಡುವುದು ಅಧಿಕಾರದಲ್ಲಿರುವವರ ಮೊದಲನೆಯ ಕರ್ತವ್ಯ.